ಗೂಡಿಗೆ ಕಬ್ಬಿಣ ತಾಗಬಾರದು

"ಅಜ್ಜಾರೇ, ಸಿಟ್ಟನ್ನು ಗೆದ್ದವರು ಯಾರು? ನೀವೋ, ಬೆಳಿಗ್ಗೆ ಬಂದಿದ್ದ ಧಣಿಗಳೋ?"

ಕೇಳಿದವನು ಕರಿಬಸಯ್ಯ. ಮಠಕ್ಕೆ ಬಂದು ಅವನಿಗೆ ಆರು ವರ್ಷ ಆಗಿತ್ತು. ಗುರುವಿನ ಮುಖ ನೋಡಿ ಇಂಥ ಪ್ರಶ್ನೆ ಕೇಳುವ ಧೈರ್ಯ ಅಂದೇ ಮೊದಲು ಬಂದದ್ದು.

ಬೆಳಿಗ್ಗೆ ನಡೆದದ್ದು ಇಷ್ಟು. ಗಣಿಯ ಧಣಿಯೊಬ್ಬರು ಲಾರಿಯಲ್ಲಿ ಆಳೆತ್ತರದ ನೇರಳೆ ಸ್ಫಟಿಕವೊಂದನ್ನು ಮಠಕ್ಕೆ ಕಾಣಿಕೆಯಾಗಿ ತಂದಿದ್ದರು. ಗುರು ಅಂಗಳಕ್ಕೆ ಬಂದರು, ಕಲ್ಲನ್ನು ನೋಡಿದರು, ಧಣಿಯನ್ನು ಬಾಯಿಗೆ ಬಂದಂತೆ ಬೈದರು. "ಇದನ್ನು ಇಳಿಸಿದರೆ ನಾನು ಈ ಮಠದಲ್ಲಿ ಒಂದು ಗಳಿಗೆ ಇರುವುದಿಲ್ಲ" ಎಂದರು. ಧಣಿ ಎದುರಾಡಲಿಲ್ಲ. ಕೈಮುಗಿದು, "ಅಪ್ಪಣೆ" ಎಂದು ನಗುಮುಖದಿಂದಲೇ ಲಾರಿಯನ್ನು ತಿರುಗಿಸಿಕೊಂಡು ಹೋದರು.

"ನೀವು ಗಡಗಡ ನಡುಗುತ್ತಿದ್ದಿರಿ" ಎಂದ ಕರಿಬಸಯ್ಯ. "ಅವರು ತಣ್ಣಗಿದ್ದರು. ದಿನಾ ನಮಗೆ ಸಿಟ್ಟು ಬಿಡಿ, ಸಿಟ್ಟು ಬಿಡಿ ಅನ್ನುವವರು ನೀವು. ಅದಕ್ಕೇ ಕೇಳಿದೆ. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ."

"ಹೊಟ್ಟೆಗೆ ಹಾಕಿಕೊಳ್ಳಲು ಇನ್ನು ಜಾಗ ಇಲ್ಲ ಕಣಯ್ಯಾ" ಎಂದರು ಗುರು. "ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ."

ಗುರು ಹೇಳಿದ ಕತೆ ಇದು.

ಒಂದು ಗುಡ್ಡ. ಗುಡ್ಡದ ತುಂಬ ಬೆಣಚುಕಲ್ಲು. ಆ ಬೆಣಚಿನ ನಡುವೆ ಅಲ್ಲಲ್ಲಿ ಪೊಳ್ಳು ಜಾಗ ಇರುತ್ತದೆ. ಅದಕ್ಕೆ ಅಲ್ಲಿಯವರು ಗೂಡು ಅನ್ನುತ್ತಾರೆ. ಗೂಡಿನ ತುಂಬ ಕೆಮ್ಮಣ್ಣು. ಕೆಮ್ಮಣ್ಣಿನೊಳಗೆ ಹರಳು. ಹೆಚ್ಚಿನವು ಬಿಳಿಯವು. ಅದೃಷ್ಟ ಇದ್ದರೆ ನೇರಳೆ. ಸಣ್ಣದು ಸಿಕ್ಕರೆ ಉಂಗುರಕ್ಕೆ ಹೋಗುತ್ತದೆ. ದೊಡ್ಡದು ಸಿಕ್ಕರೆ ದೊಡ್ಡವರ ಮನೆಯ ಹಜಾರಕ್ಕೆ ಹೋಗಿ ನಿಲ್ಲುತ್ತದೆ. ಬಂದವರೆಲ್ಲ ಅದರ ಮುಂದೆ ನಿಂತು ಬಾಯಿ ಬಿಡುತ್ತಾರೆ.

ಒಬ್ಬ ಧಣಿ ಆ ಗುಡ್ಡವನ್ನು ಗುತ್ತಿಗೆಗೆ ಹಿಡಿದಿದ್ದ. ಮೊದಲೇ ಹೇಳಿಬಿಡುತ್ತೇನೆ, ಅವನು ಆಳುಗಳನ್ನು ಹೊಡೆದವನಲ್ಲ, ಬೈದವನಲ್ಲ. ಎಲ್ಲರನ್ನೂ ಅಕ್ಕ, ಅಣ್ಣ, ತಮ್ಮ ಎಂದೇ ಕರೆಯುತ್ತಿದ್ದ. ಬೆಳಿಗ್ಗೆ ಒಂದು ತಾಸು ಕಣ್ಣುಮುಚ್ಚಿ ಕೂರುತ್ತಿದ್ದ. ಯಾರಾದರೂ ಜಗಳ ತೆಗೆದು ಬಂದರೆ ಮೊದಲು ಒಂದು ಲೋಟ ಮಜ್ಜಿಗೆ ತರಿಸಿ ಕೊಡುತ್ತಿದ್ದ. ಬಂದವನು ಅರ್ಧ ಲೋಟ ಕುಡಿಯುವ ಹೊತ್ತಿಗೆ ಜಗಳ ಮರೆತಿರುತ್ತಿದ್ದ. ಅವನ ತಾಳ್ಮೆಯನ್ನು ಸುತ್ತಲಿನ ಹತ್ತು ಊರು ಹೊಗಳುತ್ತಿತ್ತು. ನಾನೂ ಹೊಗಳಿದ್ದೇನೆ. ಇದೇ ಜಗಲಿಯ ಮೇಲೆ ಕೂತು, ಜನರ ಮುಂದೆ, ಇದೇ ಬಾಯಿಂದ.

ಅವನ ಹತ್ತಿರ ಒಂದು ಹಿಟಾಚಿ ಯಂತ್ರ ಇತ್ತು. ಉದ್ದ ಕೈ, ಕೈಯ ತುದಿಗೆ ಹಲ್ಲಿನ ಬಕೆಟ್. ಅದನ್ನು ನಡೆಸುವವನು ಒಬ್ಬ ಆಪರೇಟರ್. ಅವನಿಗೆ ಸಿಟ್ಟು ಮೂಗಿನ ತುದಿಯಲ್ಲಿ. ಡೀಸೆಲ್ ತಡವಾದರೆ ಬೈಗುಳ. ಚಹಾ ತಣ್ಣಗಾದರೆ ಬೈಗುಳ. ಬೈಯಲು ಯಾರೂ ಸಿಗದಿದ್ದರೆ ಬಿಸಿಲಿಗೇ ಬೈಗುಳ. ಆದರೆ ಕೈ ಅಂದರೆ ಕೈ ಅಪ್ಪಾ! ಅಷ್ಟು ದೊಡ್ಡ ಬಕೆಟ್ಟಿನ ಹಲ್ಲಿನಿಂದ ನೆಲದ ಮೇಲಿನ ಬೀಡಿ ಕಟ್ಟನ್ನು ಎತ್ತಿ, ಒಂದು ಬೀಡಿಯೂ ಮುರಿಯದಂತೆ ನಿನ್ನ ಅಂಗೈಗೆ ಇಡಬಲ್ಲವನು. ಗುಡ್ಡದಲ್ಲಿ ಎಲ್ಲರೂ ನೋಡಿದ್ದರು.

ಆ ಗುಡ್ಡದಲ್ಲಿ ಒಂದು ಕಟ್ಟಳೆ. ಗೂಡಿಗೆ ಕಬ್ಬಿಣ ತಾಗಬಾರದು.

ಬಂಡೆ ಒಡೆಯುವುದು, ಕಂದಕ ತೋಡುವುದು, ಮಣ್ಣು ಎತ್ತುವುದು ಎಲ್ಲ ಯಂತ್ರದ ಕೆಲಸ. ಕೆಮ್ಮಣ್ಣು ಕಂಡಿತೋ, ಯಂತ್ರ ನಿಲ್ಲಬೇಕು. ಇಪ್ಪತ್ತು ಹೆಜ್ಜೆ ಹಿಂದೆ ಸರಿಯಬೇಕು. ಎಂಜಿನ್ ಆಫ್ ಆಗಬೇಕು. ಆಮೇಲೆ ಕೈಯವರು ಬರುತ್ತಾರೆ. ಅವರ ಹತ್ತಿರ ಹಾರೆ ಇಲ್ಲ, ಸಲಿಕೆ ಇಲ್ಲ. ಚೂಪು ಮಾಡಿದ ಬಿದಿರು ಕಡ್ಡಿ ಮಾತ್ರ. ಕಬ್ಬಿಣ ತಾಗಿದರೆ ಹರಳು ಮುಕ್ಕಾಗುತ್ತದೆ, ಮುಕ್ಕಾದ ಹರಳನ್ನು ಕೇಳುವವರಿಲ್ಲ. ಹೆಂಗಸರು ಬಳೆ ತೆಗೆದಿಟ್ಟು ಇಳಿಯಬೇಕು. ಬಂದ ಹರಳನ್ನು ಒದ್ದೆ ಗೋಣಿಯಲ್ಲಿ ಸುತ್ತಬೇಕು. ಬಿಸಿಲು ಬಿದ್ದರೆ ನೇರಳೆ ಬಣ್ಣ ತೆಳುವಾಗುತ್ತದೆ. ಒಮ್ಮೆಲೇ ಕಾದರೆ ಬಿರುಕು ಬಿಡುತ್ತದೆ. ಹೆತ್ತ ಮಗುವನ್ನೂ ಯಾರೂ ಅಷ್ಟು ನಾಜೂಕಾಗಿ ಎತ್ತುವುದಿಲ್ಲ ಬಿಡು.

ಕೈಯವರು ಎಂಟು ಜನ. ಅವರಲ್ಲಿ ಗೂಡಿನೊಳಗೆ ಇಳಿಯುವವಳು ಒಬ್ಬಳು. ಬೇರೆ ಯಾರ ಹೆಸರೂ ನಾನು ಹೇಳುವುದಿಲ್ಲ, ಅವಳ ಹೆಸರು ಹೇಳುತ್ತೇನೆ. ಸುಂಕಮ್ಮ. ಸಣ್ಣ ಮೈಯವಳು, ಎಂಥ ಸಂದಿಯಲ್ಲೂ ನುಸುಳುವಳು. ಅವಳ ಒಡಹುಟ್ಟಿದ ಅಣ್ಣ ಮೇಲೆ ನಿಂತು ಅವಳು ಕೊಟ್ಟ ಹರಳನ್ನು ಗೋಣಿಗೆ ಸುತ್ತುತ್ತಿದ್ದ. ಬಾಯಿ ಮಾತ್ರ ಸಣ್ಣದಲ್ಲ ಅವಳದು. ಆ ಆಪರೇಟರನಿಗೆ ಎದುರು ಮಾತಾಡುವ ಜೀವ ಗುಡ್ಡದಲ್ಲಿ ಅವಳೊಂದೇ. ಅವನನ್ನು ಬೆಂಕಿಯಣ್ಣ ಅನ್ನುತ್ತಿದ್ದಳು, ಯಂತ್ರವನ್ನು ಆನೆ ಅನ್ನುತ್ತಿದ್ದಳು. "ಬೆಂಕಿಯಣ್ಣಾ, ನಿನ್ನ ಆನೆ ಹಿಂದಕ್ಕೆ ಹೊಡಿ, ನನ್ನ ಕಿವಿ ಹೋದವು" ಎಂದು ಕೂಗುತ್ತಿದ್ದಳು. ಅವನು ಗೊಣಗುತ್ತ ಹಿಂದಕ್ಕೆ ಹೊಡೆಯುತ್ತಿದ್ದ.

ಒಮ್ಮೆ ಆ ಆಪರೇಟರ್ ಮೇಸ್ತ್ರಿಯ ಹಲ್ಲು ಉದುರಿಸಿದ. ಬೇರೆ ಧಣಿಯಾಗಿದ್ದರೆ ಅಂದೇ ಓಡಿಸುತ್ತಿದ್ದ. ಈ ಧಣಿ ಹಾಗಲ್ಲ. ತನ್ನ ಕಾರಿನಲ್ಲೇ ಕೂರಿಸಿಕೊಂಡು ಒಂದು ಮಠಕ್ಕೆ ಕರೆತಂದ. ಅಲ್ಲಿಯ ಸ್ವಾಮಿ ಅವನ ತಲೆಯ ಮೇಲೆ ಕೈಯಿಟ್ಟು ಹೇಳಿದ, ಸಿಟ್ಟು ಬಂದಾಗ ಕಣ್ಣುಮುಚ್ಚು, ನೂರರ ತನಕ ಎಣಿಸು, ಇಳಿಯದಿದ್ದರೆ ಮತ್ತೆ ನೂರು ಎಣಿಸು. ಹಣೆಗೆ ವಿಭೂತಿ ಹಚ್ಚಿ, ಗದ್ದುಗೆ ಮುಟ್ಟಿಸಿ ಆಣೆ ಮಾಡಿಸಿಕೊಂಡ. ಯಾಕೆ ಹಾಗೆ ನೋಡುತ್ತೀಯ? ಆ ಸ್ವಾಮಿ ನಾನೇ. ಆಪರೇಟರ್ ಅವತ್ತಿನಿಂದ ಕುರಿಯಂತಾದ. ಧಣಿ ಹಣ್ಣಿನ ಬುಟ್ಟಿ ಕಳಿಸಿದ. ನಾವೆಲ್ಲ ಕೂತು ತಿಂದೆವು.

ಇನ್ನು ಆ ದಿನದ ಮಾತು.

ಹಿಂದಿನ ವಾರ ಮಳೆ ಬಂದು ಮಣ್ಣು ನೀರು ಕುಡಿದಿತ್ತು. ಬೆಳಿಗ್ಗೆ ಎಂಟರ ಹೊತ್ತಿಗೆ ಕೆಮ್ಮಣ್ಣು ಕಂಡಿತು. ಯಂತ್ರ ಹಿಂದೆ ಸರಿಯಿತು, ಎಂಜಿನ್ ಆಫ್ ಆಯಿತು. ಸುಂಕಮ್ಮ ಬಳೆ ತೆಗೆದು ಅಣ್ಣನ ಕೈಗೆ ಕೊಟ್ಟು ಒಳಗಿಳಿದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಕೂಗಿದಳು. "ಅಣ್ಣಾ, ಇಲ್ಲಿ ಒಂದು ನಿಂತೈತೋ! ನನಗಿಂತ ಎತ್ತರ ಐತಿ! ನೇರಳೆ! ಬಲಗಡೆ ಗೋಡೆಗೆ ಬೇರು ಬಿಟ್ಟಂಗ ನಿಂತೈತಿ!"

ಸುದ್ದಿ ಧಣಿಗೆ ಹೋಯಿತು. ಧಣಿ ಓಡಿಬಂದ. ಅವನು ಓಡಿದ್ದನ್ನು ಆಳುಗಳು ಅದುವರೆಗೆ ಕಂಡಿರಲಿಲ್ಲ. ಗೂಡಿನ ಬಾಯಿಯ ಹತ್ತಿರ ಮಂಡಿಯೂರಿ, ಟಾರ್ಚ್ ಹಿಡಿದು ನೋಡಿದ. ಕಣ್ಣಲ್ಲಿ ನೀರು ಬಂತು. "ಅಕ್ಕಾ, ನಿಧಾನ. ಅವಸರ ಬೇಡ. ಇಡೀ ದಿನ ಆದರೂ ಆಗಲಿ" ಎಂದ.

ಅರ್ಧ ತಾಸು ಕಳೆದಿರಲಿಲ್ಲ, ಮೇಲಿನ ಮಣ್ಣು ಕುಸಿಯಿತು. ಗೂಡಿನ ಬಾಯಿ ಮುಚ್ಚಿಹೋಯಿತು. ಸುಂಕಮ್ಮ ಒಳಗೆ ಎಡಗಡೆ ಮೂಲೆಯಲ್ಲಿ ಸೊಂಟದ ತನಕ ಹೂತುಹೋದಳು. ಹರಳುಗಳ ಸಂದಿಯಿಂದ ಅವಳ ದನಿ ಬರುತ್ತಿತ್ತು. ಮಣ್ಣು ಮೇಲಿಂದ ಇನ್ನೂ ಇಳಿಯುತ್ತಿದೆ ಎಂದು ಕೂಗುತ್ತಿದ್ದಳು.

ಆಪರೇಟರ್ ಕ್ಯಾಬಿನ್‌ನಿಂದ ಜಿಗಿದು ಬಂದ. "ಧಣಿ, ಈ ಕಂದಕ ತೋಡಿದವನು ನಾನು. ಬಲಗಡೆ ಗೋಡೆ ಒಂದು ಮೊಳ ದಪ್ಪ ಇದೆ, ಅಷ್ಟೇ. ಅವಳು ಎಡಗಡೆ ಇದ್ದಾಳೆ. ಬಕೆಟ್ಟಿನಿಂದ ಎರಡು ಏಟು ಕೊಟ್ಟರೆ ಗೋಡೆ ಬಿಚ್ಚಿಕೊಳ್ಳುತ್ತದೆ, ಎಳೆದುಬಿಡೋಣ" ಎಂದ.

ಬಲಗಡೆ ಗೋಡೆಗೆ ಏನು ನಿಂತಿದೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಒಬ್ಬನೂ ಅದರ ಹೆಸರು ಎತ್ತಲಿಲ್ಲ. ಧಣಿಯೂ ಎತ್ತಲಿಲ್ಲ. ಅವನು ಆಪರೇಟರನ ಹೆಗಲ ಮೇಲೆ ಕೈಯಿಟ್ಟ. "ತಮ್ಮಾ, ಶಾಂತನಾಗು. ಬಕೆಟ್ ಜಾರಿದರೆ ಏಟು ಬೀಳುವುದು ಯಾರಿಗೆ? ಸುಂಕಮ್ಮಕ್ಕನಿಗೆ. ಗೂಡಿಗೆ ಕಬ್ಬಿಣ ತಾಗಬಾರದು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಕೈಯಲ್ಲೇ ತೆಗೆಯೋಣ. ಸಿಟ್ಟು ಬಂದಾಗ ಏನು ಮಾಡಬೇಕು ಅಂತ ಅಜ್ಜಾರು ಹೇಳಿಲ್ಲವೇ ನಿನಗೆ?"

ಕೇಳಿದೆಯಾ ಕರಿಬಸಯ್ಯಾ? ನನ್ನ ಮಾತನ್ನು ತಂದು ಅಲ್ಲಿ ಅಡ್ಡ ಇಟ್ಟ. ದೇವರಾಣೆಗೂ ಅವನು ಬೇಕೆಂದೇ ಇಟ್ಟನೋ, ನಂಬಿ ಇಟ್ಟನೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಂಬಿಯೇ ಇಟ್ಟಿರಬೇಕು. ಅದಕ್ಕೇ ನನ್ನ ಮೈ ಇನ್ನೂ ಹೆಚ್ಚು ಉರಿಯುತ್ತದೆ.

ಆಪರೇಟರ್ ಹೋಗಿ ಕ್ಯಾಬಿನ್‌ನಲ್ಲಿ ಕೂತ. ಕಣ್ಣುಮುಚ್ಚಿದ. ಎಣಿಸತೊಡಗಿದ.

ಇತ್ತ ಏಳು ಜನ ಬಿದಿರು ಕಡ್ಡಿ ಹಿಡಿದು ಗೂಡಿನ ಬಾಯಿಗೆ ಕೂತರು. ಈಗ ಸರಿಯಾಗಿ ಕೇಳಿಸಿಕೋ, ಇದನ್ನು ನಾನು ಎರಡನೇ ಸಲ ಹೇಳಲಾರೆ. ಅವರು ಮಣ್ಣನ್ನು ಕೆದಕಿದರು. ಹರಳು ಸಿಕ್ಕಿತು. ಅದರ ಸುತ್ತ ಕಡ್ಡಿಯಿಂದ ಮೆಲ್ಲಗೆ ಬಿಡಿಸಿದರು. ಎರಡು ಕೈಯಲ್ಲಿ ಎತ್ತಿದರು. ಒದ್ದೆ ಗೋಣಿಯಲ್ಲಿ ಸುತ್ತಿದರು. ಕೈಯಿಂದ ಕೈಗೆ ದಾಟಿಸಿದರು. ನೆರಳಿನಲ್ಲಿ ಇಟ್ಟರು. ಮತ್ತೆ ಬಂದು ಕೂತರು. ಮತ್ತೊಂದು ಹರಳು. ಮತ್ತೊಂದು ಗೋಣಿ. ಒಳಗೆ ಒಂದು ಜೀವ ಕೂಗುತ್ತಿದೆ, ಇವರು ಹರಳು ಸುತ್ತುತ್ತಿದ್ದಾರೆ! ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ಧಣಿಯೂ ಹೇಳಿರಲಿಲ್ಲ. ಹನ್ನೆರಡು ವರ್ಷದಿಂದ ಗೂಡನ್ನು ಹಾಗೆಯೇ ತೋಡಿದವರು, ಕೈಗಳಿಗೆ ಬೇರೆ ದಾರಿ ಗೊತ್ತಿರಲಿಲ್ಲ. ಅವಳ ಅಣ್ಣನೂ ಹಾಗೆಯೇ ತೋಡುತ್ತಿದ್ದ. ಅಂಗಿಯ ಜೇಬಿನಲ್ಲಿ ತಂಗಿಯ ಬಳೆ, ಕೈಯಲ್ಲಿ ಬಿದಿರು ಕಡ್ಡಿ. ತೂ!

ಧಣಿ ಪಕ್ಕದಲ್ಲೇ ನಿಂತು, "ಗಾಬರಿ ಬೇಡ, ನಿಧಾನ, ಚೆನ್ನಾಗಿ ಬರುತ್ತಿದೆ" ಎಂದು ಎಲ್ಲರಿಗೂ ಧೈರ್ಯ ಹೇಳುತ್ತಿದ್ದ. ಬಾಯಾರಿದವರಿಗೆ ತಾನೇ ನೀರು ಕೊಟ್ಟ.

ಒಳಗಿದ್ದ ಸುಂಕಮ್ಮನಿಗೆ ಮಾತ್ರ ಸಿಟ್ಟು ಬಂತು. "ಏ ಅಣ್ಣಾ! ಏನು ಕೆದಕುತ್ತೀಯೋ ಅಲ್ಲಿ, ಕೋಳಿಯಂಗೆ? ನನಗೆ ಎದೆಮಟ ಬಂತು ಮಣ್ಣು! ಬೆಂಕಿಯಣ್ಣಾ! ಎಲ್ಲಿ ಸತ್ತೆಯೋ? ನಿನ್ನ ಆನೆ ತಗೊಂಡು ಬಾರೋ!"

ಎಲ್ಲರಿಗೂ ಕೇಳಿಸಿತು. ಧಣಿ ತಲೆಯಾಡಿಸಿ, "ಪಾಪ, ಹೆದರಿದ್ದಾಳೆ. ತಾನು ಏನು ಹೇಳುತ್ತಿದ್ದೇನೆ ಅನ್ನುವುದು ಅವಳಿಗೇ ಗೊತ್ತಿಲ್ಲ" ಎಂದ.

ಗೊತ್ತಿಲ್ಲವಂತೆ! ಆ ಗುಡ್ಡದಲ್ಲಿ ಅವತ್ತು ತಾನು ಏನು ಹೇಳುತ್ತಿದ್ದೇನೆ ಎಂದು ಗೊತ್ತಿದ್ದವಳು ಅವಳೊಬ್ಬಳೇ.

ಆಪರೇಟರನಿಗೂ ಕೇಳಿಸಿತು. ಅವನು ನಾಲ್ಕನೇ ನೂರು ಎಣಿಸುತ್ತಿದ್ದ. ಸಿಟ್ಟು ಇಳಿದಿರಲಿಲ್ಲ. ಮತ್ತೆ ನೂರು ಎಣಿಸಿದ. ಮತ್ತೆ ನೂರು. ಲಿವರಿನ ಮೇಲಿಟ್ಟ ಕೈಗಳು ತಾವಾಗಿಯೇ ಎಳೆಯುತ್ತಿದ್ದವಂತೆ, ಅವನ್ನು ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡು ಕೂತನಂತೆ. ಏಳನೇ ನೂರು ಮುಗಿಯುವಾಗ ಅವಳ ಕೂಗು ನಿಂತಿತು.

ಆಗ ಅವನು ಎಂಜಿನ್ ಶುರು ಮಾಡಿದ. ಯಂತ್ರವನ್ನು ಮುಂದಕ್ಕೆ ತಂದ. ಧಣಿ ಎದುರಿಗೆ ಬಂದು ಕೈಮುಗಿದು ನಿಂತ. ಅವನ ಹಿಂದೆ ಆ ಏಳು ಜನವೂ ಎದ್ದು ನಿಂತರು. ಅವಳ ಅಣ್ಣ ಕಡ್ಡಿ ಎತ್ತಿ ಹೇಳಿದ, "ಬೇಡ ಅಣ್ಣಾ, ಇನ್ನೇನು ಬಂತು, ಒಂದು ಮೊಳ ಉಳಿದಿದೆ." ಜನರ ಮೇಲೆ ಯಂತ್ರ ಹತ್ತಿಸಲಾಗುತ್ತದೆಯೇ? ಅವನು ಎಂಜಿನ್ ಆಫ್ ಮಾಡಿದ. ಮೊದಲನೇ ನೂರಿನಲ್ಲೇ ಎದ್ದಿದ್ದರೆ ಅವರೆಲ್ಲ ಇನ್ನೂ ಕಡ್ಡಿ ಹುಡುಕುತ್ತಿದ್ದರು, ಎದುರಿಗೆ ಒಬ್ಬನೂ ನಿಲ್ಲುತ್ತಿರಲಿಲ್ಲ. ಇದನ್ನು ಅವನೇ ನನಗೆ ಹೇಳಿದ.

ಆ ಒಂದು ಮೊಳ ತೆಗೆಯಲು ಇನ್ನೊಂದು ತಾಸು ಹಿಡಿಯಿತು. ಸುಂಕಮ್ಮನನ್ನು ಹೊರಗೆ ತಂದಾಗ ಬಾಯಿ ತುಂಬ ಕೆಮ್ಮಣ್ಣು. ಉಸಿರು ಯಾವಾಗಲೋ ಹೋಗಿತ್ತು.

ಮಲಗಿಸಲು ಒಂದು ಗೋಣಿ ಇರಲಿಲ್ಲ. ಇದ್ದ ಗೋಣಿಗಳೆಲ್ಲ ಹರಳಿನ ಮೇಲಿದ್ದವು. ಸುಡುವ ಬಿಸಿಲಲ್ಲಿ ಬರೀ ಬಂಡೆಯ ಮೇಲೆ ಮಲಗಿಸಿದರು. ಅವಳ ಅಣ್ಣ ಓಡಿಹೋಗಿ ಒಂದು ಹರಳಿನ ಮೇಲಿನ ಗೋಣಿ ಎಳೆದ. ಕೈಯವರಲ್ಲಿ ಒಬ್ಬಳು ಅವನ ಕೈ ಹಿಡಿದು, "ಅದು ಬೇಡಪ್ಪಾ, ಬಣ್ಣ ಹೋಗುತ್ತದೆ, ನಾನು ಬೇರೆ ತರುತ್ತೇನೆ" ಎಂದಳು. ಅಂದ ಮೇಲೆ ತಾನು ಅಂದದ್ದು ಅವಳ ಕಿವಿಗೇ ಬಿತ್ತು. ಅಲ್ಲೇ ಕುಸಿದು ಕೂತು ಬಾಯಿ ಬಡಿದುಕೊಂಡು ಅತ್ತಳು. ಕೈಯಲ್ಲಿದ್ದ ಕಡ್ಡಿಯನ್ನು ಮುರಿದು ಎಸೆದಳು. ಅವಳು ಮತ್ತೆ ಆ ಗುಡ್ಡ ಹತ್ತಲಿಲ್ಲ.

ಪೊಲೀಸರು ಬಂದು ಆಕಸ್ಮಿಕ ಎಂದು ಬರೆದುಕೊಂಡು ಹೋದರು. ಧಣಿ ಹೆಗಲು ಕೊಟ್ಟ. ಅತ್ತ. ನಿಜವಾಗಿಯೂ ಅತ್ತ, ನಾನು ಸುಳ್ಳು ಹೇಳುವುದಿಲ್ಲ. ಹನ್ನೊಂದು ದಿನ ಒಂದು ಹೊತ್ತು ಊಟ ಮಾಡಿದ. ಹನ್ನೆರಡನೆಯ ದಿನ ಕೈಯವರು ಮತ್ತೆ ಗೂಡಿಗಿಳಿದರು. ಬಲಗಡೆ ಗೋಡೆಯ ದೊಡ್ಡ ಹರಳನ್ನು ಬುಡಸಮೇತ ಬಿಡಿಸಿ ತಂದರು. ನಿಂತವರೆಲ್ಲ ಚಪ್ಪಾಳೆ ತಟ್ಟಿದರು.

ಆಪರೇಟರ್ ಯಂತ್ರದ ಕೀಲಿ ಕೊಟ್ಟು ಇಲ್ಲಿಗೆ ಬಂದ. ನೀನು ಆಗ ಊರಿಗೆ ಹೋಗಿದ್ದೆ. ಮೂರು ದಿನ ಈ ಮೆಟ್ಟಿಲ ಮೇಲೆ ಕೂತ. ಅನ್ನ ಮುಟ್ಟಲಿಲ್ಲ. ನಾಲ್ಕನೆಯ ದಿನ ನಾನು ಹೋಗಿ ಎದುರಿಗೆ ಕೂತೆ. ಆಗ ಇದೆಲ್ಲವನ್ನೂ ಹೇಳಿದ. ಕೊನೆಗೆ ಕೇಳಿದ, "ಅಜ್ಜಾರೇ, ನನ್ನ ಸಿಟ್ಟನ್ನು ನಿಮ್ಮ ಹತ್ತಿರ ಬಿಟ್ಟುಹೋಗಿದ್ದೆ. ಅದನ್ನು ನನಗೆ ವಾಪಸ್ ಕೊಡಿ."

ನಾನು ಏನು ಕೊಡಲಿ? ಅವನ ಕಾಲು ಹಿಡಿದುಕೊಂಡೆ. ಅವನು ಬಿಡಿಸಿಕೊಂಡು ಎದ್ದುಹೋದ.

ಗುರು ಇಲ್ಲಿಗೆ ಕತೆ ನಿಲ್ಲಿಸಿದರು. ಮೇಲುಸಿರು ಬಿಡುತ್ತಿದ್ದರು. ಕರಿಬಸಯ್ಯ ನೀರಿನ ಚೊಂಬು ಮುಂದಿಟ್ಟ. ಗುರು ಅದನ್ನು ಪಕ್ಕಕ್ಕೆ ಸರಿಸಿದರು.

"ಆ ಧಣಿ ಬೆಳಿಗ್ಗೆ ಬಂದವರೇ?" ಎಂದ ಕರಿಬಸಯ್ಯ.

"ಅವನೇ. ಲಾರಿಯಲ್ಲಿದ್ದದ್ದು ಅದೇ ಕಲ್ಲು. ಅವಳ ನೆನಪಿಗೆ ಅಂತ ಕೊಡಲು ಬಂದಿದ್ದ. ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದ."

ಕರಿಬಸಯ್ಯ ಚೊಂಬನ್ನು ಎತ್ತಿ ಗೋಡೆಯ ಬದಿಗಿಟ್ಟ. ಆಮೇಲೆ ಮೆಲ್ಲಗೆ ಕೇಳಿದ. "ಧಣಿಗಳ ಮೇಲಿನ ಸಿಟ್ಟು ಅರ್ಥವಾಯಿತು ಅಜ್ಜಾರೇ. ಆದರೆ ಕಲ್ಲು ಏನು ಪಾಪ ಮಾಡಿತ್ತು? ಸುಂಕಮ್ಮನ ಹೆಸರು ಹೇಳಿ ಒಂದು ಮೂಲೆಯಲ್ಲಿ ಇಟ್ಟುಕೊಂಡಿದ್ದರೆ ಆಗುತ್ತಿರಲಿಲ್ಲವೇ?"

ಗುರು ಅವನ ಮುಖವನ್ನು ನೇರವಾಗಿ ನೋಡಿದರು.

"ಅದರ ಮೈಯಲ್ಲಿ ಎಲ್ಲಾದರೂ ಕಬ್ಬಿಣ ತಾಗಿದ ಒಂದು ಮುಕ್ಕು ಕಂಡಿದ್ದರೆ, ನಾನೇ ಹೊತ್ತು ತಂದು ಗದ್ದುಗೆಯ ಪಕ್ಕದಲ್ಲಿ ಇಡುತ್ತಿದ್ದೆ."